ಮಗುವನ್ನಷ್ಟೇ ಅಲ್ಲ, ಮನೆಯನ್ನೂ ಓದುವ ವೃತ್ತಿ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿರುವುದು ಎಲ್ಲರಿಗೂ ಗೊತ್ತು. 1892ರಲ್ಲಿ ಬಿ.ಎಲ್. ರೈಸ್ ಇವುಗಳನ್ನು ಬೆಳಕಿಗೆ ತಂದರು. ಶಾಲೆಯ ಪ್ರವಾಸದಲ್ಲಿ ಈ ಬಂಡೆಗಳನ್ನು ನೋಡಿ ಬಂದ ವಿದ್ಯಾರ್ಥಿಗಳಿಗೆ ಅದರಲ್ಲಿ ಬರೆದಿರುವ ವಿಷಯ ಮಾತ್ರ ಮರೆತು ಹೋಗಿರಬಹುದು. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅದರ ಸಾರಾಂಶ.

ಮಕ್ಕಳು ಹೇಗಿರಬೇಕೆಂಬುದನ್ನು ಹೀಗೆ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಕಲ್ಲಿನಲ್ಲಿ ಕೊರೆದು ಇಟ್ಟದ್ದಾಯಿತು. ಆದರೆ ತಂದೆತಾಯಿ ಮಕ್ಕಳೊಡನೆ ಹೇಗಿರಬೇಕು? ಮಗು ಮಾತು ಕೇಳದಿದ್ದಾಗ ತಪ್ಪು ಮಗುವಿನದೇ, ಅಥವಾ ಮಾತು ಹೇಳುವ ರೀತಿಯದೇ? ಈ ಪ್ರಶ್ನೆಯನ್ನು ವಿಜ್ಞಾನದ ರೀತಿಯಲ್ಲಿ ಕೇಳಲು ಆರಂಭಿಸಿದ್ದು ಇಪ್ಪತ್ತನೇ ಶತಮಾನದಲ್ಲಿ. ಅದರಿಂದ ಹುಟ್ಟಿದ್ದೇ ತಂದೆತಾಯಿ ಮತ್ತು ಮಗುವನ್ನು ಒಟ್ಟಿಗೆ ಕೂರಿಸಿ ನೀಡುವ ಚಿಕಿತ್ಸೆ. ಈ ಚಿಕಿತ್ಸೆ ನೀಡುವ, ಇತರರಿಗೆ ಕಲಿಸುವ ಮತ್ತು ಅದರ ಬಗ್ಗೆ ಸಂಶೋಧನೆ ಮಾಡುವ ಮಕ್ಕಳ ಮನೋವಿಜ್ಞಾನಿಯ ವೃತ್ತಿಯ ಪರಿಚಯ ಈ ವಾರದ ಅಂಕಣದ ವಿಷಯ.

ಹುಚ್ಚರ ಡಾಕ್ಟರೇ?

'ಸೈಕಾಲಜಿ ಓದುತ್ತೇನೆ' ಎಂದು ಚಳ್ಳಕೆರೆಯ ಹುಡುಗಿಯೊಬ್ಬಳು ಮನೆಯಲ್ಲಿ ಹೇಳಿದರೆ ಬರುವ ಮೊದಲ ಪ್ರಶ್ನೆ, 'ಹುಚ್ಚರ ಡಾಕ್ಟರಾಗ್ತೀಯೇನೇ?' ಎಂಬುದು. ಎರಡನೆಯದು, 'ಅದನ್ನು ಓದಿದರೆ ಕೆಲಸ ಸಿಗುತ್ತಾ?' ಎಂಬುದು. ಎರಡನೆಯ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಮುಂದೆ ಉತ್ತರಿಸೋಣ. ಮೊದಲನೆಯದಕ್ಕೆ ಉತ್ತರ ಇಷ್ಟೇ: ಮನೋವೈದ್ಯರು ಎಂ.ಬಿ.ಬಿ.ಎಸ್. ನಂತರ ವಿಶೇಷ ತರಬೇತಿ ಪಡೆದ ವೈದ್ಯರು, ಔಷಧ ಬರೆಯುವವರು. ಚಿಕಿತ್ಸಾ ಮನೋವಿಜ್ಞಾನಿ, ಅಂದರೆ ಕ್ಲಿನಿಕಲ್ ಸೈಕಾಲಜಿಸ್ಟ್, ಔಷಧ ಕೊಡುವುದಿಲ್ಲ. ಪರೀಕ್ಷೆ, ಮಾತು, ಆಟ ಮತ್ತು ಅಭ್ಯಾಸಗಳ ಮೂಲಕ ನೆರವಾಗುತ್ತಾರೆ. ಇವರ ಬಳಿಗೆ ಬರುವ ಮಕ್ಕಳಲ್ಲಿ ಬಹುಪಾಲು ಹಟ, ಸಿಟ್ಟು, ಶಾಲೆಯ ಭಯ, ಹಾಸಿಗೆ ಒದ್ದೆ ಮಾಡುವುದು, ಓದಿನಲ್ಲಿ ಹಿಂದುಳಿಯುವುದು ಮುಂತಾದ ತೊಂದರೆಯವರು.

ಚಳ್ಳಕೆರೆ ತಾಲ್ಲೂಕಿನ ತಳುಕಿನ ತ.ರಾ. ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗೆ ತಂದ 'ನಾಗರಹಾವು' ಚಿತ್ರವನ್ನು ನೆನಪಿಸಿಕೊಳ್ಳಿ. ಊರಿಗೆಲ್ಲ ರಾಮಾಚಾರಿ ಪುಂಡ. ಆದರೆ ಚಾಮಯ್ಯ ಮೇಷ್ಟ್ರ ಎದುರಿಗೆ ಅದೇ ರಾಮಾಚಾರಿ ಬೇರೆಯೇ ಹುಡುಗ. ಹುಡುಗ ಒಬ್ಬನೇ, ಸ್ವಭಾವವೂ ಒಂದೇ. ಬದಲಾದದ್ದು ಎದುರಿಗಿರುವವರ ಜೊತೆಗಿನ ಸಂಬಂಧ. ಮಕ್ಕಳ ಮನೋವಿಜ್ಞಾನಿ ಹುಡುಕುವುದು ಈ ವ್ಯತ್ಯಾಸವನ್ನೇ. ಚಿತ್ರ ನೋಡಿದವರಿಗೆ ಇನ್ನೊಂದು ಸಂಗತಿಯೂ ಗೊತ್ತು: ಆ ಸಂಬಂಧವೊಂದೇ ರಾಮಾಚಾರಿಯನ್ನು ಉಳಿಸಲಿಲ್ಲ. ಪ್ರೀತಿ ಇದ್ದರೆ ಸಾಲದು, ಅದು ಮಗುವಿಗೆ ತಲುಪುವ ದಾರಿಯೂ ಸರಿಯಿರಬೇಕು.

ಮಗ್ಗದ ಮನೆಯ ಒಂದು ಉದಾಹರಣೆ

ಮೊಳಕಾಲ್ಮುರು ರೇಷ್ಮೆ ಸೀರೆಗೆ ಹೆಸರಾದ ಊರು. ಮಗ್ಗದ ಮನೆಯೊಂದರಲ್ಲಿ ಐದು ವರ್ಷದ ಹುಡುಗನೊಬ್ಬ ಇದ್ದಾನೆಂದು ಊಹಿಸಿಕೊಳ್ಳಿ. ತಂದೆ ಮಗ್ಗದಲ್ಲಿ, ತಾಯಿ ರಾಟೆಯ ಮುಂದೆ. ಎಳೆ ಕಿತ್ತರೆ ನಷ್ಟ. ಹೀಗಾಗಿ ಹುಡುಗನ ಕಿವಿಗೆ ದಿನವಿಡೀ ಬೀಳುವ ಮಾತು ಮೂರೇ: 'ಮುಟ್ಬ್ಯಾಡ', 'ಆಚೆ ಹೋಗು', 'ಸುಮ್ನಿರು'. ಅವನು ಸುಮ್ಮನೆ ಮೂಲೆಯಲ್ಲಿ ಕೂತು ಆಡುವಾಗ ಯಾರೂ ಅವನ ಕಡೆ ನೋಡುವುದಿಲ್ಲ. ಲಾಳಿಗೆ ಕೈ ಹಾಕಿದ ಕೂಡಲೇ ಅಪ್ಪ, ಅವ್ವ, ಅಜ್ಜಿ ಮೂವರೂ ತಿರುಗುತ್ತಾರೆ. ಬೈಗುಳವಾದರೂ ಸರಿ, ಮೂವರ ಗಮನ ಒಮ್ಮೆಗೇ ಸಿಕ್ಕಿತು! ಹುಡುಗ ಕಲಿತ ಪಾಠ ಯಾವುದು? ಸುಮ್ಮನಿದ್ದರೆ ನಾನು ಯಾರಿಗೂ ಕಾಣುವುದಿಲ್ಲ, ತಂಟೆ ಮಾಡಿದರೆ ಕಾಣುತ್ತೇನೆ ಎಂಬುದು. ಇಲ್ಲಿ ಯಾರೂ ಕೆಟ್ಟವರಲ್ಲ. ಹೊಟ್ಟೆಪಾಡು ಮನೆಯ ಗಮನವನ್ನೆಲ್ಲ ತಿಂದುಬಿಟ್ಟಿದೆ, ಅಷ್ಟೇ.

ಇಂಥ ಸುಳಿಯನ್ನು ಬಿಡಿಸಲು ಅಮೆರಿಕದ ಮನೋವಿಜ್ಞಾನಿ ಶೀಲಾ ಐಬರ್ಗ್ 1970ರ ದಶಕದಲ್ಲಿ ಒಂದು ಕ್ರಮಬದ್ಧ ವಿಧಾನ ರೂಪಿಸಿದರು. ಸುಮಾರು ಎರಡರಿಂದ ಏಳು ವರ್ಷದ ಮಕ್ಕಳಿಗಾಗಿ ಇದು ಇದೆ. ತಾಯಿ ಮತ್ತು ಮಗು ಒಂದು ಕೊಠಡಿಯಲ್ಲಿ ಆಡುತ್ತಾರೆ. ಮನೋವಿಜ್ಞಾನಿ ಒಂದೇ ಕಡೆಯಿಂದ ಕಾಣುವ ಗಾಜಿನ ಆಚೆ ಕುಳಿತು ನೋಡುತ್ತಾರೆ. ತಾಯಿಯ ಕಿವಿಯಲ್ಲಿ ಪುಟ್ಟ ಸಾಧನವಿರುತ್ತದೆ. ಅದರ ಮೂಲಕ ಆ ಕ್ಷಣದಲ್ಲೇ ಸಲಹೆ ಬರುತ್ತದೆ. ಮುಖ್ಯ ಸಂಗತಿಯನ್ನು ಗಮನಿಸಿ. ಮಗುವಿಗೆ ಚಿಕಿತ್ಸೆ ನೀಡುತ್ತಿರುವವರು ತಾಯಿ. ಮನೋವಿಜ್ಞಾನಿ ಕೇವಲ ತರಬೇತುದಾರ.

ವಿಧಾನದಲ್ಲಿ ಎರಡು ಹಂತಗಳಿವೆ. ಮೊದಲ ಹಂತದಲ್ಲಿ ಆಟದ ಯಜಮಾನಿಕೆ ಮಗುವಿನದು. ತಾಯಿ ಆಜ್ಞೆ ಮಾಡುವಂತಿಲ್ಲ, ಪ್ರಶ್ನೆ ಕೇಳುವಂತಿಲ್ಲ, ಟೀಕಿಸುವಂತಿಲ್ಲ. ಮಗು ಮಾಡುತ್ತಿರುವುದನ್ನು ಮಾತಿನಲ್ಲಿ ಹೇಳಬೇಕು, ಅದು ಆಡಿದ ಮಾತನ್ನು ಮರುನುಡಿಯಬೇಕು, ಅದರ ಹಾಗೆ ತಾನೂ ಆಡಬೇಕು, ಸರಿಯಾಗಿ ಮಾಡಿದ್ದನ್ನು ಹೆಸರಿಸಿ ಮೆಚ್ಚಬೇಕು, ತಾನೂ ಸಂತೋಷಪಡಬೇಕು. ಮನೆಯಲ್ಲಿ ದಿನಕ್ಕೆ ಐದೇ ನಿಮಿಷ ಇದರ ಅಭ್ಯಾಸ. ಎರಡನೇ ಹಂತದಲ್ಲಿ ಶಿಸ್ತು. ಒಂದು ಸಲಕ್ಕೆ ಒಂದೇ ಸ್ಪಷ್ಟ ಮಾತು ಹೇಳುವುದು, ಮಗುವಿಗೆ ಪಾಲಿಸಲು ಕೆಲವು ಕ್ಷಣ ಕೊಡುವುದು, ಪಾಲಿಸಿದರೆ ಮೆಚ್ಚುವುದು, ಪಾಲಿಸದಿದ್ದರೆ ಮೊದಲೇ ತಿಳಿಸಿದ ಪರಿಣಾಮವನ್ನು ಕೂಗಾಡದೆ ಜಾರಿಗೆ ತರುವುದು. ಮೊದಲ ಹಂತ ಪಕ್ವವಾಗದೆ ಎರಡನೆಯದಕ್ಕೆ ಹೋಗುವಂತಿಲ್ಲ. ನಮ್ಮಲ್ಲಿ ಬಹಳಷ್ಟು ಮನೆಗಳಲ್ಲಿ ಎರಡನೆಯದರಿಂದಲೇ ಆರಂಭ!

ದೂರವಾದ ಅವ್ವ

ಇನ್ನೊಂದು ಬಗೆಯ ತೊಂದರೆ ಬರದ ನಾಡಿಗೆ ಹೆಚ್ಚು ಪರಿಚಿತ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು. ಶೇಂಗಾ ಕೈಕೊಟ್ಟ ವರ್ಷ ದಂಪತಿಗಳು ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿ ದೂರದ ಊರಿಗೆ ಕೂಲಿಗೆ ಹೋಗುವುದುಂಟು. ಕೆಲವು ತಿಂಗಳ ನಂತರ ತಾಯಿ ಬಂದು ಕೈ ಚಾಚಿದರೆ ಮಗು ಅಜ್ಜಿಯ ಸೆರಗಿನ ಹಿಂದೆ ಅಡಗುತ್ತದೆ. 'ನನ್ನನ್ನೇ ಮರೆತುಬಿಟ್ಟಿತು' ಎಂದು ತಾಯಿಗೆ ಎದೆ ಒಡೆಯುತ್ತದೆ.

ಮಗು ಮರೆತಿರುವುದಿಲ್ಲ. ಇಂಗ್ಲೆಂಡಿನ ಜಾನ್ ಬೋಲ್ಬಿ ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ಸಿದ್ಧಪಡಿಸಿದ ವರದಿ, ಎಳೆಯ ಮಕ್ಕಳು ಅಗಲಿಕೆಯಿಂದ ಅನುಭವಿಸುವ ನೋವನ್ನು ಜಗತ್ತಿನ ಗಮನಕ್ಕೆ ತಂದಿತು. ಜೊತೆಗೆ ಕೆಲಸ ಮಾಡಿದ್ದ ಮೇರಿ ಐನ್ಸ್‌ವರ್ತ್ 1954-55ರಲ್ಲಿ ಆಫ್ರಿಕದ ಉಗಾಂಡದ ಹಳ್ಳಿಗಳಿಗೆ ಹೋಗಿ, ತಾಯಂದಿರ ಮನೆಗಳಲ್ಲೇ ಕುಳಿತು, ಮಗು ಯಾವಾಗ ತಾಯಿಯನ್ನು ಹುಡುಕುತ್ತದೆ, ಯಾವಾಗ ಧೈರ್ಯವಾಗಿ ಆಚೆ ಹೋಗಿ ಆಡುತ್ತದೆ ಎಂದು ದಾಖಲಿಸಿದರು. ಬಾಂಧವ್ಯದ ಕುರಿತು ಇಂದು ಜಗತ್ತಿನಾದ್ಯಂತ ಪಾಠ ಹೇಳುವ ವಿಜ್ಞಾನದ ಒಂದು ಬೇರು ಇರುವುದು ಹಳ್ಳಿಯ ಮನೆಗಳಲ್ಲಿ. ಸಂಶೋಧನೆಗೆ ದೊಡ್ಡ ಪ್ರಯೋಗಾಲಯವೇ ಬೇಕೆಂದು ತಿಳಿದಿರುವ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು.

ಹಿಂದಿರುಗಿದ ತಾಯಿಗೆ ಮನೋವಿಜ್ಞಾನಿ ಹೇಳುವುದು ಸರಳ: ಎಳೆದು ಅಪ್ಪಿಕೊಳ್ಳಬೇಡಿ, ಅಜ್ಜಿಯನ್ನು ಪಕ್ಕದಲ್ಲೇ ಇರಿಸಿಕೊಂಡು ಹತ್ತಿರ ಕುಳಿತು ಆಡಿ, ಮಗುವೇ ಬರಲಿ. ಇಲ್ಲಿ ಅಜ್ಜಿ ತಾಯಿಯ ಎದುರಾಳಿಯಲ್ಲ, ಸೇತುವೆ.

ದೋಷ ಹೊರಿಸುವ ವಿದ್ಯೆಯಲ್ಲ

ತಂದೆತಾಯಿಯನ್ನು ಚಿಕಿತ್ಸೆಯಲ್ಲಿ ಸೇರಿಸಿಕೊಳ್ಳುವುದೆಂದರೆ ಅವರ ಮೇಲೆ ತಪ್ಪು ಹೊರಿಸುವುದಲ್ಲ. ಈ ವಿಜ್ಞಾನ ಒಂದು ಕಾಲಕ್ಕೆ ಹಾಗೆ ಮಾಡಿ ದೊಡ್ಡ ಅನ್ಯಾಯ ಎಸಗಿತ್ತು. ತಾಯಿಯ ಪ್ರೀತಿ ಸಾಲದೆ ಮಗುವಿಗೆ ಆಟಿಸಂ ಬರುತ್ತದೆಂದು ಪಾಶ್ಚಾತ್ಯ ತಜ್ಞರು ದಶಕಗಳ ಕಾಲ ಹೇಳಿದರು. ಅದು ತಪ್ಪೆಂದು ಸಿದ್ಧವಾಗಿದೆ. ಆಟಿಸಂ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಸಾಕುವ ರೀತಿಯಿಂದ ಬರುವುದಲ್ಲ. ಆದ್ದರಿಂದ ಒಳ್ಳೆಯ ಮನೋವಿಜ್ಞಾನಿ ಮೊದಲು ಮಗುವಿಗೆ ಕಿವಿ ಸರಿಯಾಗಿ ಕೇಳಿಸುತ್ತದೆಯೇ, ಕಣ್ಣು ಕಾಣುತ್ತದೆಯೇ, ಬುದ್ಧಿಯ ಬೆಳವಣಿಗೆ ಹೇಗಿದೆ, ಮೂರ್ಛೆ ರೋಗವಿದೆಯೇ ಎಂದು ನೋಡುತ್ತಾರೆ. ಕಿವಿ ಕೇಳದ ಮಗುವನ್ನು 'ಮಾತು ಕೇಳದ ಮಗು' ಎಂದು ಹೊಡೆದ ಮನೆಗಳು ಕಡಿಮೆಯೇನಲ್ಲ.

ನಮ್ಮ ನಾಡಿನ ಹಾದಿ

ಮನೋವಿಜ್ಞಾನ ನಮಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲೇ ಮನೋವಿಜ್ಞಾನ ವಿಭಾಗ ಕಟ್ಟಿದರು. ಮೈಸೂರಿನಲ್ಲಿ 1935ರಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದವರೂ ಅವರೇ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಮರುವರ್ಷವೇ ಅಲ್ಲಿ ಮನೋವಿಜ್ಞಾನಿಗಳ ತರಬೇತಿ ಶುರುವಾಯಿತು. ಇದೇ ಸಂಸ್ಥೆ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು.

ಮಕ್ಕಳ ಮನೋವಿಜ್ಞಾನವನ್ನು ಆಸ್ಪತ್ರೆಯ ಗೋಡೆಯಿಂದ ಹೊರಗೆ ತಂದವರಲ್ಲಿ ನಿಮ್ಹಾನ್ಸ್‌ನ ಪ್ರಾಧ್ಯಾಪಕಿಯಾಗಿದ್ದ ಮಾಲವಿಕಾ ಕಪೂರ್ ಪ್ರಮುಖರು. ಒಂದೊಂದು ಮಗುವನ್ನೂ ಆಸ್ಪತ್ರೆಗೆ ಕರೆತರುವುದು ಅಸಾಧ್ಯವಾದ್ದರಿಂದ ಶಾಲೆಯ ಶಿಕ್ಷಕರಿಗೇ ತರಬೇತಿ ನೀಡುವ ದಾರಿಯನ್ನು ಅವರು ಹಿಡಿದರು. ಭಾರತದ ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ 1995ರಲ್ಲಿ, ಶಾಲೆಗಳಲ್ಲಿ ಮಾನಸಿಕ ಆರೋಗ್ಯದ ಬಗ್ಗೆ 1997ರಲ್ಲಿ ಇಂಗ್ಲಿಷಿನಲ್ಲಿ ಅವರ ಪುಸ್ತಕಗಳು ಬಂದವು. ಹೆಗ್ಗಡದೇವನಕೋಟೆಯ ಗ್ರಾಮೀಣ ಹಾಗೂ ಬುಡಕಟ್ಟು ಮಕ್ಕಳೊಡನೆ ನಡೆಸಿದ ಕೆಲಸವನ್ನು ಆಧರಿಸಿದ ಪುಸ್ತಕ 2007ರಲ್ಲಿ ಪ್ರಕಟವಾಯಿತು. ಮಕ್ಕಳಿಗೆ ಏನು ಕಲಿಸಬೇಕೆಂಬುದನ್ನು ಮಕ್ಕಳಿಂದಲೇ ಕಲಿಯಬೇಕು ಎಂಬುದು ಅದರ ಶೀರ್ಷಿಕೆಯ ಅರ್ಥ. ಚಿಕಿತ್ಸೆ, ತರಬೇತಿ, ಸಂಶೋಧನೆ ಈ ಮೂರೂ ಒಬ್ಬರ ವೃತ್ತಿಜೀವನದಲ್ಲಿ ಹೇಗೆ ಹೆಣೆದುಕೊಳ್ಳಬಹುದು ಎಂಬುದಕ್ಕೆ ಇದು ಕಣ್ಣೆದುರಿನ ನಿದರ್ಶನ.

ಮೊಳಕಾಲ್ಮುರಿನ ನೆರೆಯ ಬಳ್ಳಾರಿಗೂ ಈ ಚರಿತ್ರೆಯಲ್ಲಿ ಸ್ಥಾನವಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ತಜ್ಞರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮತ್ತು ಕಾರ್ಯಕರ್ತರಿಗೆ ಮಾನಸಿಕ ಆರೋಗ್ಯದ ತರಬೇತಿ ನೀಡಿದರು. ಆ 'ಬಳ್ಳಾರಿ ಮಾದರಿ'ಯ ಆಧಾರದ ಮೇಲೆಯೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂದಿತು.

ತರಬೇತಿ ಹರಡಿದರೆ ಏನಾದೀತು?

ತಜ್ಞರು ಬೆರಳೆಣಿಕೆಯಷ್ಟಿರುವ ಕಡೆ ಬೇರೆಯವರಿಗೆ ಕಲಿಸುವುದೇ ಉಪಾಯ. ಆದರೆ ಕಲಿಸಿದ್ದು ಕೆಲಸ ಮಾಡುತ್ತದೆಯೇ? ಇದನ್ನು ಸಂಶೋಧನೆಯೇ ಹೇಳಬೇಕು.

ಜಮೈಕ ದೇಶದ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ 1986-87ರಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಬೆಳವಣಿಗೆ ಕುಂಠಿತಗೊಂಡ 129 ಎಳೆಯ ಮಕ್ಕಳನ್ನು ಆಯ್ದುಕೊಂಡರು. ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ಕಾಲ ವಾರಕ್ಕೊಮ್ಮೆ ಹೋಗಿ, ಮನೆಯಲ್ಲೇ ತಯಾರಿಸಬಹುದಾದ ಆಟಿಕೆಗಳಿಂದ ಮಗುವಿನೊಡನೆ ಆಡುವುದನ್ನು ತಾಯಿಗೆ ತೋರಿಸಿಕೊಟ್ಟರು. ಇಪ್ಪತ್ತು ವರ್ಷಗಳ ನಂತರ ಅದೇ ಮಕ್ಕಳನ್ನು ಹುಡುಕಿ ನೋಡಿದಾಗ, ಈ ನೆರವು ಸಿಕ್ಕವರ ಗಳಿಕೆ ಸಿಗದವರಿಗಿಂತ ಶೇ. 25ರಷ್ಟು ಹೆಚ್ಚಿತ್ತು. 2014ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇರುವ 65 ಮಕ್ಕಳ ಮೇಲೆ ನಡೆದ ಅಧ್ಯಯನ 2016ರಲ್ಲಿ ಹೊರಬಂತು. ತಾಯಿ-ಮಗು ಆಡುವುದನ್ನು ವಿಡಿಯೋ ಮಾಡಿ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರೇ ಅದನ್ನು ತಂದೆತಾಯಿಗೆ ತೋರಿಸಿ ಚರ್ಚಿಸಿದರು. ತಂದೆತಾಯಿ ಮಗುವಿಗೆ ಸ್ಪಂದಿಸುವ ರೀತಿ ಸುಧಾರಿಸಿತು. ಮಗು ತಾನಾಗಿ ಸಂಪರ್ಕಿಸುವುದು ಹೆಚ್ಚಿತು. ಒಂದು ಅಳತೆಯಲ್ಲಿ ಮಾತ್ರ ನಿರೀಕ್ಷೆಗೆ ವಿರುದ್ಧವಾದ ಫಲಿತಾಂಶ ಬಂತು, ಅದನ್ನೂ ಸಂಶೋಧಕರು ಮುಚ್ಚಿಡದೆ ವರದಿ ಮಾಡಿದರು. ಪ್ರಾಮಾಣಿಕ ಸಂಶೋಧನೆ ಎಂದರೆ ಇದು.

ನಮ್ಮಲ್ಲಿ ಅಂಗನವಾಡಿಗಳಿವೆ, ಆಶಾ ಕಾರ್ಯಕರ್ತೆಯರಿದ್ದಾರೆ. ಕೂಲಿಕಾರರ ಪುಟ್ಟ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ 'ಕೂಸಿನ ಮನೆ' ಯೋಜನೆ ಘೋಷಿಸಿತು. ಇವರೆಲ್ಲರಿಗೆ ಕಲಿಸುವವರು ಯಾರು? ಕಲಿಸಿದ್ದು ಫಲಿಸಿತೇ ಎಂದು ಅಳೆಯುವವರು ಯಾರು? ವಿದ್ಯಾರ್ಥಿಗಳೇ, ಆ ಜಾಗ ನಿಮಗಾಗಿ ಕಾದಿದೆ.

ಹಳ್ಳಿಯವರಿಗೇ ಹೆಚ್ಚು ಅರ್ಹತೆ

ಗಡಿನಾಡಾದ ಈ ತಾಲ್ಲೂಕುಗಳಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ತಾಯಿ ಮಗುವನ್ನು ಗದರುವುದೂ ಮುದ್ದಿಸುವುದೂ ಮನೆಮಾತಿನಲ್ಲೇ. ಅದು ಅರ್ಥವಾಗದ ತಜ್ಞ ಎಷ್ಟೇ ಓದಿದ್ದರೂ ಅರ್ಧ ಕಿವುಡ. ಈ ವೃತ್ತಿಯಲ್ಲಿ ಭಾಷೆಯೇ ಉಪಕರಣ. ಇಂಗ್ಲಿಷ್ ಸಾಲದೆಂದು ಕೀಳರಿಮೆ ಪಡುವ ವಿದ್ಯಾರ್ಥಿಗೆ ಇದೊಂದು ಅಪರೂಪದ ಅನುಕೂಲ. ಇಂಗ್ಲಿಷನ್ನು ಕಲಿಯಬಹುದು; ಅಜ್ಜಿಯ ಮಾತಿನ ಒಳ ಅರ್ಥವನ್ನು ಕಾಲೇಜಿನಲ್ಲಿ ಕಲಿಸುವುದಿಲ್ಲ.

ಪಾಶ್ಚಾತ್ಯ ವಿಧಾನಗಳನ್ನು ಹಾಗೆಯೇ ಎತ್ತಿ ತಂದರೆ ಇಲ್ಲಿ ನಡೆಯುವುದೂ ಇಲ್ಲ. ಐಬರ್ಗ್ ವಿಧಾನದಲ್ಲಿ ಮಗುವನ್ನು ಬಾಯಿತುಂಬ ಮೆಚ್ಚಬೇಕು. ಎದುರಿಗೇ ಹೊಗಳಿದರೆ ಮಗುವಿಗೆ ದೃಷ್ಟಿಯಾಗುತ್ತದೆಂದು ನಂಬುವ ಅಜ್ಜಿ ಅದಕ್ಕೆ ಒಪ್ಪುತ್ತಾಳೆಯೇ? 'ಎಷ್ಟು ಜಾಣ' ಎನ್ನುವ ಬದಲು 'ಲಾಳೀನ ಬೀಳಿಸದಂಗೆ ಎತ್ತಿಟ್ಟೆ ನೋಡು' ಎಂದು ಕೆಲಸವನ್ನಷ್ಟೇ ಮೆಚ್ಚಿದರೆ ಅವಳೂ ಒಪ್ಪಬಹುದೇ? ತಪ್ಪು ಮಾಡಿದ ಮಗುವನ್ನು ಸ್ವಲ್ಪ ಹೊತ್ತು ಬೇರೆ ಕೂರಿಸಬೇಕೆನ್ನುತ್ತಾರೆ. ಒಂದೇ ಕೋಣೆಯ ಮನೆಯಲ್ಲಿ ಎಲ್ಲಿ ಕೂರಿಸುವುದು? ಅಪ್ಪ ಇಲ್ಲವೆಂದದ್ದನ್ನು ಅಜ್ಜ ಗುಟ್ಟಾಗಿ ಕೊಟ್ಟರೆ ಚಿಕಿತ್ಸೆಗೆ ಯಾರನ್ನು ಕರೆಯಬೇಕು? ಇವು ಹಾಸ್ಯದ ಪ್ರಶ್ನೆಗಳಲ್ಲ. ಒಂದೊಂದೂ ಒಂದು ಪಿಎಚ್.ಡಿ. ಪ್ರಬಂಧಕ್ಕೆ ಯೋಗ್ಯವಾದ ವಿಷಯ.

ಓದಿನ ದಾರಿ

ಪಿ.ಯು.ಸಿ.ಯಲ್ಲಿ ವಿಜ್ಞಾನವೇ ಆಗಬೇಕೆಂಬ ಕಡ್ಡಾಯ ಸಾಮಾನ್ಯವಾಗಿ ಇಲ್ಲ. ಕಲಾ ವಿಭಾಗದವರೂ ಮನೋವಿಜ್ಞಾನವಿರುವ ಪದವಿಗೆ ಸೇರಬಹುದು. ನಂತರ ಮನೋವಿಜ್ಞಾನದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಆದರೆ ಇಷ್ಟಕ್ಕೇ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಫಲಕ ಹಾಕಿಕೊಳ್ಳುವಂತಿಲ್ಲ. 1992ರ ಕಾಯ್ದೆಯಂತೆ ಸ್ಥಾಪಿತವಾದ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮತ್ತು ಅದರಲ್ಲಿ ನೋಂದಣಿ ಅಗತ್ಯ. ಬಹುಕಾಲ ಇದಕ್ಕಿದ್ದ ದಾರಿ ಎರಡು ವರ್ಷದ ಎಂ.ಫಿಲ್. ಹೊಸ ಶಿಕ್ಷಣ ನೀತಿಯ ನಂತರ ಎಂ.ಫಿಲ್. ಬದಲಿಗೆ ಬೇರೆ ಪದವಿಗಳನ್ನು ರೂಪಿಸಲಾಗಿದೆ. ಆದ್ದರಿಂದ ನೀವು ಸೇರುವ ವರ್ಷ ಯಾವ ಕೋರ್ಸಿಗೆ, ಯಾವ ಸಂಸ್ಥೆಗೆ ಮಾನ್ಯತೆಯಿದೆ ಎಂಬುದನ್ನು ಪರಿಷತ್ತಿನ ಪಟ್ಟಿಯಲ್ಲೇ ನೋಡಿ ಖಚಿತಪಡಿಸಿಕೊಳ್ಳಿ. ಕೆಲವೇ ವಾರಗಳ ಕೋರ್ಸಿನ ಪ್ರಮಾಣಪತ್ರ ತೋರಿಸಿ 'ನೀವೂ ಮನೋಚಿಕಿತ್ಸಕರಾಗಿ' ಎನ್ನುವ ಜಾಹೀರಾತುಗಳಿಗೆ ಮರುಳಾಗಬೇಡಿ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ನಮ್ಮ ರಾಜ್ಯದ ಮುಖ್ಯ ಸರ್ಕಾರಿ ಸಂಸ್ಥೆಗಳು. ಸಂಶೋಧನೆ ಅಥವಾ ಬೋಧನೆಯಲ್ಲಿ ಆಸಕ್ತಿಯಿದ್ದರೆ ಮುಂದೆ ಪಿಎಚ್.ಡಿ.

ಕೆಲಸ? ಆಸ್ಪತ್ರೆಗಳು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ವಿಶೇಷ ಮಕ್ಕಳ ಶಾಲೆಗಳು, ಸ್ವಯಂಸೇವಾ ಸಂಸ್ಥೆಗಳು, ವಿಶ್ವವಿದ್ಯಾಲಯಗಳು, ಸ್ವಂತ ಕ್ಲಿನಿಕ್. ಓದು ದೀರ್ಘ, ಸೀಟುಗಳು ಕಡಿಮೆ, ಮೊದಲ ವರ್ಷಗಳ ಸಂಬಳ ಎಂಜಿನಿಯರಿಗೆ ಹೋಲಿಸಿದರೆ ಸಾಧಾರಣ. ಇದನ್ನು ಮರೆಮಾಚಿ ಆಸೆ ಹುಟ್ಟಿಸುವುದು ಸರಿಯಲ್ಲ. ತಾಳ್ಮೆಯಿಲ್ಲದವರಿಗೆ, ಬೇರೆಯವರ ಗುಟ್ಟನ್ನು ಗುಟ್ಟಾಗಿ ಇಡಲಾರದವರಿಗೆ, ತಮ್ಮ ಕೆಲಸವನ್ನು ಹಿರಿಯರು ಕಣ್ಣಿಟ್ಟು ನೋಡಿ ತಿದ್ದುವುದನ್ನು ಸಹಿಸದವರಿಗೆ ಇದು ತಕ್ಕ ವೃತ್ತಿಯಲ್ಲ.

ಪೋಷಕರಿಗೆ ಒಂದು ಮಾತು

ಹೊಡೆದರೆ ಮಾತ್ರ ಮಕ್ಕಳು ಬಗ್ಗುತ್ತಾರೆ ಎಂಬ ಮಾತನ್ನು ಬಿಡಿ. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ. ದಿನಕ್ಕೆ ಐದು ನಿಮಿಷ, ಮೊಬೈಲ್ ಆಚೆ ಇಟ್ಟು, ಮಗು ಹೇಳಿದ ಆಟವನ್ನು ಅದು ಹೇಳಿದ ಹಾಗೆ ಆಡಿ. ಅಂದು ಮಗು ತಂಟೆ ಮಾಡಿದ್ದರೂ ಈ ಐದು ನಿಮಿಷವನ್ನು ಕಸಿಯಬೇಡಿ. ಕೆಲವು ವಾರ ಬಿಡದೆ ಮಾಡಿ ನೋಡಿ. ಆಮೇಲೂ ತೊಂದರೆ ಮುಂದುವರಿದರೆ, ಅಥವಾ ಮಗು ಮಾತು, ಊಟ, ನಿದ್ರೆಗಳಲ್ಲಿ ತೀರ ಬದಲಾಗಿದ್ದರೆ, ತಾಲ್ಲೂಕು ಇಲ್ಲವೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಇನ್ನು, ಮಗಳು ಬಂದು 'ಸೈಕಾಲಜಿ ಓದುತ್ತೇನೆ' ಎಂದರೆ, ಬೇಡವೆನ್ನುವ ಮೊದಲು ಯಾಕೆಂದು ಒಮ್ಮೆ ಕೇಳಿ. ಅವಳು ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡಿ. ಅವಳು ಮುಂದೆ ಬೇರೆ ತಂದೆತಾಯಿಯರಿಗೆ ಕಲಿಸಬೇಕಾಗಿರುವ ಮೊದಲ ಪಾಠವೂ ಅದೇ.